ತೊಗರಿ ಪ್ರೋಗ್ರಾಮಿನ್ಯಾಗ ಬಾಳೆಹಣ್ಣು

ಹೊಸಾದು ಬರಿಯೋ ಬ್ಯಾಸರಕ್ಕ ಹಳೇದನ್ನೇ ತಿರುವಿ ಹಾಕೋ ನನ್ನಂಥವ್ರು ಇರೋತನಕ ನಮ್ಮ ಆಫೀಸಿನ್ಯಾಗ ನಗೀಗೆ ಬರಗಾಲ ಇಲ್ಲ. ಕುಸನೂರ ರಸ್ತೆದಾಗ ಮೂರು ಮಂದಿ ಕೂಡೋ ಆಫೀಸು ನಮ್ದು. ಮಷೀನ್ ಕಟ್ಟೋಕಿಂತ ಮೊದಲು ಅದು ಹ್ಯಾಂಗ ನಡೀತದ ಅಂತ ಕಂಪ್ಯೂಟರಿನ್ಯಾಗ ನಡಿಸಿ ತೋರಸ್ತೀವಿ. ಒಂದು ಕೆಲಸಕ್ಕ ಬರೆದ ಪ್ರೋಗ್ರಾಮು ಇನ್ನೊಂದಕ್ಕ ಬಳಸೋದು ನಮ್ಮ ಸಾಹೇಬರ ಧರ್ಮ.

೧. ಭಟ್ಟಿ

ಒಂದು ದಾಲ್ ಮಿಲ್ಲಿಗೆ ತೊಗರಿ ಒಣಗಿಸಿ ಬ್ಯಾಳಿ ಮಾಡೋ ಮಷೀನಿನ ಲೆಕ್ಕ ಬೇಕಿತ್ತು. ಸಿಮೆಂಟ್ ಭಟ್ಟಿಗೆ ಬರೆದ ಹಳೇ ಪ್ರೋಗ್ರಾಮು ತಗೊಂಡು, ಸುಣ್ಣದಕಲ್ಲು ಅಂತ ಇದ್ದಲ್ಲೆಲ್ಲಾ ತೊಗರಿ ಅಂತ ಬರೆದೆ. ಉಷ್ಣತೆ ತಿದ್ದೋದು ಮರೆತೆ. ಮಾಲಕರು ಪರದೆ ಮ್ಯಾಲಿನ ಸಾವಿರದ ನಾಕ್ನೂರು ಡಿಗ್ರಿ ನೋಡಿ, ಬಾಯಾಗಿನ ಚಹಾ ನುಂಗಿ, ಸಾವಕಾಶ ಅಂದ್ರು: "ತಮ್ಮಾ, ಇದು ತೊಗರಿ ಒಣಗಿಸೋದಲ್ಲ, ಸುಡುಗಾಡಿಗೆ ಕಳಸೋದು."

೨. ಹಲ್ಲು

ಅದೇ ಮಿಲ್ಲಿನ ಮೇಸ್ತ್ರಿ ಕಾಕಾ ಕಾಳು ಕಡಿದು ನೋಡಿ ಎಷ್ಟು ಒಣಗ್ಯಾದ ಅಂತ ಹೇಳೋರು. ಮೀಟರು ತಪ್ಪಿದ್ರೂ ಅವ್ರ ಹಲ್ಲು ತಪ್ಪಂಗಿಲ್ಲ. ಆ ಜ್ಞಾನನೂ ಪ್ರೋಗ್ರಾಮಿಗೆ ಹಾಕೋಣ ಅಂತ ಒಂದು ತಿಂಗಳು ಬಾಜೂಕ ಕೂತು ಬರ್ಕೊಂಡೆ. ಕಡೀ ವಾರ ಕಾಕಾ ಹೇಳಿದ್ದೆಲ್ಲಾ ಉಲ್ಟಾ ಬರಾಕತ್ತಿತು. ಯಾಕ ಕಾಕಾ ಅಂತ ಕೇಳಿದ್ರ, ಪಾಪ, ನಾಚ್ಕೊಂಡು ಹೇಳಿದ್ರು: "ಎಡಗಡೀ ದವಡಿ ಹಲ್ಲು ಕೀಳಿಸೀನಿ. ಬಲಗಡೀದು ಇನ್ನಾ ಕಲ್ಯಾಕತ್ತದ."

೩. ಕಮಲಾಪುರ

ಆಮ್ಯಾಲ ಮೂರು ತಿಂಗಳು ಹೊಸ ಕೆಲಸಾನೇ ಇಲ್ಲ. ಕಮಲಾಪುರದಾಗ ಕೆಂಪು ಬಾಳೆ ಬೆಳೆಯೋ ಹೆಣ್ಮಕ್ಕಳ ಸಂಘಕ್ಕ ಹಣ್ಣು ಮಾಗಿಸೋ ಕೋಣಿ ಬೇಕಿತ್ತು. ಇದೂ ಕೈ ತಪ್ಪಿದ್ರ ಆಫೀಸಿನ ಬಾಗಿಲು ಹಾಕೋದೇ ಅಂತ ಸಾಹೇಬರು ಹೇಳಿಬಿಟ್ಟಿದ್ರು. ನನಗಂತೂ ಖರೇನ ಅಂಜಿಕಿ ಆಗಿತ್ತು. ತೊಗರಿ ಪ್ರೋಗ್ರಾಮನ್ನೇ ಬಾಳೆಗೆ ಹೊಂದಿಸಿ, ಉಷ್ಣತೆ ಹತ್ತು ಸಲ ನೋಡ್ಕೊಂಡು ಸಾಹೇಬರ ಜೋಡಿ ಹೋದೆ.

ಪರದೆ ಮ್ಯಾಲ ಗೊನಿ ಚಂದ ಮಾಗಿತು. ಸಂಘದ ಅಧ್ಯಕ್ಷೆ ಅವ್ವಾರು ತಲಿ ಆಡಿಸಿದ್ರು. ನಾನು ಬಂದ್ ಮಾಡೋದ್ರಾಗ ಪ್ರೋಗ್ರಾಮು ತನ್ನ ಹಳೇ ಚಾಳಿಗೆ ಇಳೀತು. ತೊಗರಿನ ಬ್ಯಾಳಿ ಮಾಡಿದಂಗೇ, ಬಾಳೆಹಣ್ಣಿನ ಸಿಪ್ಪಿ ಸುಲೀತು, ಎರಡೆರಡು ಹೋಳು ಮಾಡಿತು, ಒಣಗಿಸ್ತು, ಚೀಲಕ್ಕ ತುಂಬ್ತು.

ಅವ್ವಾರು ಕುರ್ಚಿ ಎಳ್ಕೊಂಡು ಪರದೆ ಹತ್ರ ಕೂತ್ರು. ಮಾಗಿಸೋದು ನಾವು ಹುಲ್ಲಿನ್ಯಾಗ ಮುಚ್ಚಿಟ್ಟೂ ಮಾಡ್ತೀವಿ, ಮಾರದೇ ಉಳಿದ ಹಣ್ಣು ಕೊಳೆತು ಹೋಗ್ತದಲ್ಲ, ಅದೇ ನಮ್ಮ ಸಂಕಟ ಅಂದ್ರು.

"ಈ ಹೋಳು ಮಾಡಿ ಒಣಗಿಸೋ ಮಷೀನೇ ನಮಗ ಮಾಡಿ ಕೊಡ್ರಿ. ಇಂಥಾ ವಿಚಾರ ಯಾರಿಗೆ ಹೊಳೀತ್ರೀ?"

ನಾನು ಬಾಯಿ ತೆರಿಯೋದ್ರಾಗ ಸಾಹೇಬರು ಕಾಲರ್ ಸರಿ ಮಾಡ್ಕೊಂಡು ಅಂದ್ರು: "ಆರು ತಿಂಗಳಿಂದ ಇದಕ್ಕೇ ತಲಿ ಕೆಡಿಸ್ಕೊಂಡೀವ್ರೀ ಅವ್ವಾ."