ರತ್ನಕ್ಕನವರ ಬಾಗಿಲ ಗುಂಡಿಯನ್ನು ರೇಸ್ ಗೇಮಿನಲ್ಲಿ ಪರಿಶೀಲಿಸಿದ ಬಗ್ಗೆ

ರಸ್ತೆ ನುಣುಪು ಪರಿಶೀಲನಾ ಇಲಾಖೆ
ಉತ್ತರ ವಿಭಾಗ, ಯಲಹಂಕ

ಸಂಖ್ಯೆ: ರನುಪ/ಉತ್ತರ/ಆಟ/ಗುಂಡಿ/07

ಸುತ್ತೋಲೆ

ವಿಷಯ: 'ಹೆಬ್ಬಾಳ ಹಾರಾಟ' ಎಂಬ ಬೀದಿ ರೇಸಿನ ವಿಡಿಯೊ ಗೇಮನ್ನು ಸ್ಥಳ ಪರಿಶೀಲನೆಗೆ ಬಳಸುವ ಕುರಿತು, ಸದರಿ ಗೇಮಿನ ಗುಣದೋಷಗಳ ಕುರಿತು, ಹಾಗೂ ಬಾಗಲಗುಂಟೆಯ ಒಂದು ಗುಂಡಿಯ ಕುರಿತು.

ಉಲ್ಲೇಖ:
1. ಬಾಗಲಗುಂಟೆಯ ತಮ್ಮ ಮನೆಯಲ್ಲೇ ಜೋಳದ ರೊಟ್ಟಿ ಖಾನಾವಳಿ ನಡೆಸುವ ಶ್ರೀಮತಿ ರತ್ನಕ್ಕ ಅವರ ದೂರು.
2. ಅವರದೇ ಇನ್ನೊಂದು ದೂರು.
3. ಅವರು ಖುದ್ದಾಗಿ ಬಂದು ಕಚೇರಿಯ ಬಾಗಿಲಲ್ಲಿ ನಿಂತದ್ದು.

ಪೈಪು ಹಾಕಲೆಂದು ಅಗೆದ ಗುಂಡಿಯೊಂದು ತಮ್ಮ ಖಾನಾವಳಿಯ ಬಾಗಿಲಿಗೆ ಅಡ್ಡಲಾಗಿ ಬಾಯಿ ತೆರೆದುಕೊಂಡು ಬಿದ್ದಿದೆ ಎಂದೂ, ಊಟಕ್ಕೆ ಬರುವ ಫ್ಯಾಕ್ಟರಿ ನೌಕರರು ಅದರ ಮೇಲೆ ಹಾಸಿದ ಹಲಗೆ ದಾಟಲು ಹೆದರಿ ಬೇರೆ ಕಡೆ ಹೋಗುತ್ತಿದ್ದಾರೆ ಎಂದೂ, ಹೀಗೇ ಆದರೆ ಒಲೆ ಆರಿಸಿ ಬೀಗ ಹಾಕಬೇಕಾಗುತ್ತದೆ ಎಂದೂ ಶ್ರೀಮತಿ ರತ್ನಕ್ಕ ದೂರಿದ್ದರು. ಇಲಾಖೆಯು ದೂರನ್ನು ತಕ್ಷಣ ಪರಿಶೀಲಿಸಿ, ಗುಂಡಿ ಇಲ್ಲವೆಂದು ಕಂಡುಕೊಂಡು, ಕಡತವನ್ನು ಮುಕ್ತಾಯಗೊಳಿಸಿತ್ತು. ಇದಾದ ಮೇಲೂ ಗುಂಡಿಯು ಅಲ್ಲೇ ಮುಂದುವರಿದಿದ್ದರಿಂದ ಉಂಟಾದ ಗೊಂದಲವನ್ನು ನಿವಾರಿಸಲು, ಈ ಕೆಳಗಿನಂತೆ ಸೂಚಿಸಲಾಗಿದೆ.

1. ಇಲಾಖೆಯ ಜೀಪು ಬ್ಯಾಟರಿ ಇಲ್ಲದೆ ನಿಂತಿರುವುದರಿಂದ, ಆರ್.ಟಿ. ನಗರದ ವಾಜಿದ್ ಮತ್ತು ಗೆಳೆಯರು ತಯಾರಿಸಿದ ಸದರಿ ಗೇಮನ್ನು, ಅದರ ಮೊದಲ ಪರದೆಯ ಮೇಲೆ 'ಪಕ್ಕಾ ಬೆಂಗಳೂರು ರೋಡು' ಎಂದು ಬರೆದಿರುವ ಆಧಾರದ ಮೇಲೆ, ಸ್ಥಳ ಪರಿಶೀಲನೆಗೆ ಅಂಗೀಕರಿಸಲಾಗಿತ್ತು. ಗೇಮಿನ ಗುಣಗಳನ್ನು ಇಲಾಖೆ ಮುಕ್ತ ಮನಸ್ಸಿನಿಂದ ಮೆಚ್ಚಿಕೊಂಡಿದೆ. ಯಲಹಂಕದಿಂದ ಯಶವಂತಪುರದವರೆಗೆ ಸಿಗ್ನಲ್ಲುಗಳೆಲ್ಲ ಹಸಿರು. ಹಂಪು ಇಲ್ಲ, ಅಡ್ಡ ಬರುವ ಜನ ಇಲ್ಲ, ಮದುವೆ ಮೆರವಣಿಗೆ ಇಲ್ಲ. ಕೆಳಗೆ ಸಹಿ ಮಾಡಿರುವವರು ಹೆಬ್ಬಾಳದ ಮೇಲ್ಸೇತುವೆಯನ್ನು ಒಂದು ಗುಟುಕು ಕಾಫಿ ಗಂಟಲಲ್ಲಿ ಇಳಿಯುವಷ್ಟರಲ್ಲಿ ದಾಟಿದ್ದು, ಆಗ ಅವರ ಕಣ್ಣಲ್ಲಿ ಬಂದ ನೀರನ್ನು ಧೂಳಿನಿಂದ ಬಂದದ್ದೆಂದು ದಾಖಲಿಸಲಾಗಿದೆ.

2. ಬಾಗಲಗುಂಟೆಯ ಪರಿಶೀಲನೆಯನ್ನು ಸಹಾಯಕ ಎಂಜಿನಿಯರ್ ಶ್ರೀ ಗೋಪಿ ಅವರು ಕುರ್ಚಿಯಿಂದ ಏಳದೆ ಪೂರೈಸಿರುತ್ತಾರೆ. ಅವರ ವರದಿಯ ಪೂರ್ಣಪಾಠ: "ರೋಡ್ ಬೆಣ್ಣೆ ಥರ ಇದೆ ಸಾರ್. ನೂರೆಂಬತ್ತರಲ್ಲಿ ಹೋದ್ರೂ ಒಂಚೂರು ಕುಲುಕಲ್ಲ." ಕಾನೂನಿನಂತೆ ಮಹಜರಿಗೆ ಪಂಚರು ಬೇಕಾದ್ದರಿಂದ, ಟೀ ತಂದಿದ್ದ ಶ್ರೀ ಮುರುಗೇಶ್ ಅವರ ಸಹಿ ಪಡೆಯಲಾಗಿದೆ. "ನಾನ್ ಟೀ ಕೊಡಕ್ಕೆ ಬಂದೋನು ಗುರೂ, ಗ್ಲಾಸ್ ಕೊಡಿ ಹೋಗ್ತೀನಿ" ಎಂಬ ಅವರ ಹೇಳಿಕೆಯನ್ನು ಸಮ್ಮತಿಯೆಂದು ಪರಿಗಣಿಸಲಾಗಿದೆ.

3. ಗೇಮಿನ ಸ್ಟೀರಿಂಗಿಗೆ ಆಯುಧಪೂಜೆ ಮಾಡುವಾಗ ಕುಂಬಳಕಾಯಿಯನ್ನು ಮಾನಿಟರಿನ ಮುಂದೆ ಒಡೆಯತಕ್ಕದ್ದಲ್ಲ. ಗೇಮಿನೊಳಗಿನ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಉದ್ದೇಶದಿಂದ ಪರದೆಗೆ ಹಣ್ಣನ್ನು ಒತ್ತಿ ಹಿಡಿದು, ಕಾರು ಚಲಿಸುವವರೆಗೆ ಕಾಯುವುದನ್ನು ಸಹ ನಿಷೇಧಿಸಲಾಗಿದೆ. ಕಳೆದ ಸಲದ ರಸ ಇನ್ನೂ ಕೀಲಿಮಣೆಯಲ್ಲಿದೆ.

4. ಗೇಮಿನ ದೋಷಗಳು ಇಲಾಖೆಯ ಗಮನಕ್ಕೆ ಬಂದದ್ದು ಶ್ರೀಮತಿ ರತ್ನಕ್ಕ ಅವರ ಭೇಟಿಯಿಂದ. ಅವರಿಗೆ ಮನವರಿಕೆ ಮಾಡಿಕೊಡುವ ಸಲುವಾಗಿ ಸ್ಟೀರಿಂಗನ್ನು ಅವರ ಕೈಗೇ ಕೊಡಲಾಯಿತು. ಅವರು ತಿರುವಿನಲ್ಲಿ ನಿಧಾನ ಮಾಡಿದರು. ಹಾರ್ನ್ ಹುಡುಕಿದರು, ಇರಲಿಲ್ಲ. (ಬೆಂಗಳೂರಿನ ರಸ್ತೆ, ಹಾರ್ನ್ ಇಲ್ಲ! ತಯಾರಕರಿಂದ ವಿವರಣೆ ಕೇಳಲಾಗಿದೆ.) ಶ್ರೀ ಗೋಪಿ ಅವರು "ಅಕ್ಕಾ, ಬ್ರೇಕ್ ಯಾಕೆ ಹಾಕ್ತೀರ, ಒತ್ತಿ, ಒತ್ತಿ!" ಎಂದು ಕೂಗುತ್ತಿದ್ದರೂ, ರತ್ನಕ್ಕನವರು ಬಾಗಲಗುಂಟೆಯಲ್ಲಿ ಟೈರಿನ ಜಾಹೀರಾತು ಫಲಕವೊಂದರ ಮುಂದೆ ಕಾರು ನಿಲ್ಲಿಸಿದರು. "ಇಲ್ಲೇ ಬರಬೇಕಿತ್ತಲ್ರೀ ನನ್ನ ಮನಿ. ಎಲ್ಲೈತಿ?" ಎಂದು ಕೇಳಿದರು. ಪರದೆಯ ಮೇಲೆ 'ನೀವು ಸೋತಿದ್ದೀರಿ' ಎಂದು ಬಂತು. "ಮನಿ ಮುಂದ ನಿಂತ್ರ ಸೋತಂಗೇನ್ರೀ?" ಎಂಬ ಅವರ ಪ್ರಶ್ನೆಯನ್ನು ಪ್ರತ್ಯೇಕ ಕಡತದಲ್ಲಿ ನೋಂದಾಯಿಸಿಕೊಳ್ಳಲಾಗಿದೆ.

5. ಗುಂಡಿಯನ್ನು ಮುಚ್ಚಿಸಲು ಇಲಾಖೆಗೆ ಯಾವುದೇ ಆಕ್ಷೇಪವಿರಲಿಲ್ಲ. ಆದರೆ ದಾಖಲೆಯಲ್ಲಿ ಬೆಣ್ಣೆಯಂತಿರುವ ರಸ್ತೆಯನ್ನು ರಿಪೇರಿ ಮಾಡಲು ನಿಯಮಗಳಲ್ಲಿ ಅವಕಾಶವಿಲ್ಲ. ಆದ್ದರಿಂದ ಮೊದಲು ಗೇಮಿನಲ್ಲಿ ಗುಂಡಿ ಅಗೆಯುವುದು, ಅದನ್ನು ಶ್ರೀ ಗೋಪಿ ಅವರು ಮರುಪರಿಶೀಲಿಸಿ ದಾಖಲೆಗೆ ತರುವುದು, ಆನಂತರ ನೈಜ ಗುಂಡಿಯ ಬಗ್ಗೆ ಯೋಚಿಸುವುದು ಎಂದು ತೀರ್ಮಾನಿಸಲಾಯಿತು. "ರೇಸ್ ಗೇಮಲ್ಲಿ ಗುಂಡಿ ಹಾಕಿದ್ರೆ ಯಾರ್ ಆಡ್ತಾರೆ ಸಾರ್? ಅದಿಲ್ಲ ಅಂತಾನೇ ತಾನೆ ಜನ ಆಡೋದು!" ಎಂದು ವಾಜಿದ್ ಅವರು ಆಕ್ಷೇಪಿಸಿದ್ದು, ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

6. ಹೀಗೆ ಗೇಮಿನಲ್ಲಿ ಗುಂಡಿ ಸಿದ್ಧವಾಗಿ ದಾಖಲೆಗೆ ಬಂದ ಕೂಡಲೇ ಸಿಬ್ಬಂದಿಗೆ ಈ ಕೆಳಗಿನ ನಿಬಂಧನೆಗಳನ್ನು ವಿಧಿಸಲಾಗಿದೆ:
ಅ) ಗುಂಡಿಗೆ ಬಿದ್ದವರು ಬಿದ್ದ ಜಾಗದಲ್ಲೇ ಇದ್ದು ಮೇಲಧಿಕಾರಿಗೆ ವರದಿ ಮಾಡತಕ್ಕದ್ದು. 'ಮತ್ತೆ ಆರಂಭಿಸಿ' ಎಂಬ ಗುಂಡಿಯನ್ನು ಒತ್ತಿ ಪಾರಾಗತಕ್ಕದ್ದಲ್ಲ. ಸಾರ್ವಜನಿಕರಿಗೆ ಇಲ್ಲದ ಸೌಲಭ್ಯ ನೌಕರರಿಗೂ ಇರತಕ್ಕದ್ದಲ್ಲ.
ಆ) ಗೇಮಿನಲ್ಲಿ ಸ್ಥಳ ಪರಿಶೀಲನೆಗೆ ಹೋದವರು ಪ್ರಯಾಣ ಭತ್ಯೆ ಕೇಳತಕ್ಕದ್ದಲ್ಲ. ಈಗಾಗಲೇ ಕೇಳಿರುವವರು ಮುಜುಗರಪಡತಕ್ಕದ್ದು.
ಇ) ರೇಸಿನಲ್ಲಿ ಮೇಲಧಿಕಾರಿಯ ಕಾರನ್ನು ಹಿಂದಿಕ್ಕುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು.

7. ಇಷ್ಟರಲ್ಲಿ, ಇಲಾಖೆಯನ್ನು ಒಂದು ಮಾತೂ ಕೇಳದೆ, ಖಾನಾವಳಿಯಲ್ಲಿ ಊಟ ಮಾಡುವ ಶರಣು, ಸೋಮನಾಥ ಮೊದಲಾದ ಫ್ಯಾಕ್ಟರಿ ನೌಕರರು ತಮ್ಮ ರಜೆಯ ದಿನ ಕಟ್ಟಡದ ಕಲ್ಲುಮಣ್ಣು ತಂದು ಸುರಿದು, ಗುದ್ದಿ, ನೀರು ಹೊಡೆದು, ಗುಂಡಿಯನ್ನು ಮುಚ್ಚಿಬಿಟ್ಟಿರುತ್ತಾರೆ. ಅಂದು ಮಧ್ಯಾಹ್ನ ಪಂಕ್ತಿ ಬೀದಿಯವರೆಗೂ ಇತ್ತು, ಎಣ್ಣೆಗಾಯಿ ಬೇಗ ಮುಗಿದುಹೋಯಿತು ಎಂದು ಖಚಿತ ಮಾಹಿತಿ ಬಂದಿದೆ. ಇದರಿಂದ ದಾಖಲೆಯಲ್ಲಿ ಗುಂಡಿ ಇದ್ದು, ಸ್ಥಳದಲ್ಲಿ ಇಲ್ಲದಿರುವ ಗಂಭೀರ ಪರಿಸ್ಥಿತಿ ಉದ್ಭವಿಸಿದೆ. ಇಷ್ಟು ಕಷ್ಟಪಟ್ಟು ದಾಖಲೆಗೆ ತಂದ ಗುಂಡಿಯನ್ನು ಹೀಗೆ ಕಳೆದುಕೊಳ್ಳುವುದು ಇಲಾಖೆಗೆ ಸಹಿಸಲಾಗದ ನೋವುಂಟುಮಾಡಿದೆ.

8. ಆದಕಾರಣ, ಸದರಿ ಗುಂಡಿಯನ್ನು ದಾಖಲೆಯಲ್ಲಿರುವ ಅಳತೆಗೆ ಸರಿಯಾಗಿ ಮತ್ತೆ ಅಗೆಯಲು ಈ ಮೂಲಕ ಆದೇಶಿಸಲಾಗಿದೆ. ಅಗೆದ ಬಳಿಕ, ರಸ್ತೆ ಹಾಳಾಗಿದೆ ಎಂದು ರತ್ನಕ್ಕನವರು ಹೊಸದಾಗಿ ದೂರು ಕೊಟ್ಟಲ್ಲಿ, ಅದನ್ನು ಅತ್ಯಂತ ಸಹಾನುಭೂತಿಯಿಂದ ಗೇಮಿನಲ್ಲಿ ಪರಿಶೀಲಿಸಲಾಗುವುದು.

ಸಹಿ/-
ಮುಖ್ಯ ನುಣುಪು ಪರಿಶೀಲನಾಧಿಕಾರಿ
(ಹೆಬ್ಬಾಳ ಹಾರಾಟ: ಕಚೇರಿಯಲ್ಲಿ ಎರಡನೇ ಸ್ಥಾನ, ಮೊದಲ ಸ್ಥಾನದ ಬಗ್ಗೆ ತನಿಖೆ ಬಾಕಿ)

ಪ್ರತಿಗಳು:
1. ಶ್ರೀ ಗೋಪಿ, ಸಹಾಯಕ ಎಂಜಿನಿಯರ್ – ಮೊದಲ ಸ್ಥಾನ ಹೇಗೆ ಬಂತೆಂದು ವಿವರಣೆ ನೀಡಲು.
2. ಶ್ರೀ ವಾಜಿದ್, ಆರ್.ಟಿ. ನಗರ – ಹಾರ್ನ್ ಸೇರಿಸಲು. ಟೈರಿನ ಫಲಕವನ್ನು ತೆಗೆದು ಆ ಜಾಗದಲ್ಲಿ ತಾವಾಗಿಯೇ ಒಂದು ಖಾನಾವಳಿಯನ್ನೂ, ಬಾಗಿಲಲ್ಲಿ ನಿಂತ ಹೆಂಗಸನ್ನೂ ಬರೆದು ಸೇರಿಸಿರುವುದಕ್ಕೆ ಯಾರ ಅನುಮತಿ ಪಡೆದಿದ್ದಾರೆಂದು ತಿಳಿಸಲು. ಸಿಬ್ಬಂದಿ ಅಲ್ಲಿ ಕಾರು ನಿಲ್ಲಿಸಿ ರೇಸು ಸೋಲುತ್ತಿದ್ದಾರೆ.
3. ಶ್ರೀ ಮುರುಗೇಶ್, ಟೀ ಅಂಗಡಿ – ಮುಂದಿನ ಮಹಜರಿಗೆ ಟೀ ಸಮೇತ ಹಾಜರಾಗಲು.
4. ಉಗ್ರಾಣ – ಸಲಿಕೆ, ಪಿಕಾಸಿಗಳನ್ನು ಬಾಗಲಗುಂಟೆಗೆ ಕಳುಹಿಸಲು.
5. ಶ್ರೀಮತಿ ರತ್ನಕ್ಕ, ಖಾನಾವಳಿ, ಬಾಗಲಗುಂಟೆ – ಮಾಹಿತಿಗಾಗಿ. (ನಂತರ ಸೇರಿಸಿದ ಷರಾ:) ಈ ಪ್ರತಿಯನ್ನು ಸಲಿಕೆಗಳೊಂದಿಗೆ ಖುದ್ದಾಗಿ ತಲುಪಿಸಲಾಗಿದ್ದು, ಅವರು ಹಿಟ್ಟಿನ ಕೈಯಲ್ಲೇ ಓದಿಸಿಕೊಂಡು, ಊಟಕ್ಕೆ ಕೂತವರೆಲ್ಲ ಎದ್ದು ನಿಂತಿರುವಾಗ, ಹೀಗೆ ಹೇಳಿರುತ್ತಾರೆ: "ಗುಂಡಿ ನೋಡ್ರಿ ಅಂದಾಗ ಆಟದಾಗ ಬಂದ್ರಿ. ಈಗ ಅಗಿಯಾಕೂ ಆಟದಾಗ ಬರ್ರಿ." ಸಲಿಕೆಗಳನ್ನು ಉಗ್ರಾಣಕ್ಕೆ ಹಿಂತಿರುಗಿಸಲಾಗಿದೆ.