ಎಂಬತ್ತೆಂಟು ಡಿಗ್ರಿಯ ಭಾನುವಾರ

ಹೆದರಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಹೆದರುತ್ತೇನೆ. ಎತ್ತುವ ಮೊದಲೇ ನಿಂತುಹೋದರೆ ಇನ್ನೂ ಹೆದರುತ್ತೇನೆ. ಇಂಥವನಿಗೆ ಸಿಕ್ಕಿದ್ದು ಕಾರವಾರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಕೆಲಸ. ಅಲ್ಲಿಯ ಅರ್ಧ ಬಾಟಲಿಗಳ ಮೇಲೆ ತಲೆಬುರುಡೆಯ ಚಿತ್ರವಿದೆ. ಇಷ್ಟು ವರ್ಷವೂ ಅವುಗಳ ಧೂಳನ್ನು ನಾನು ಉಸಿರು ಬಿಗಿಹಿಡಿದೇ ಒರೆಸಿದ್ದೇನೆ.

ನಮ್ಮ ಶೈಲಾ ಮೇಡಂ ಅಲ್ಲಿ ಸಾಕುವುದು ಆರ್ಕಿಯಾ ಎಂಬ ಜೀವಿಗಳನ್ನು. ಗಂಧಕದ ಬಿಸಿನೀರ ಬುಗ್ಗೆಗಳಲ್ಲಿ ಬಾಳುವ, ಕಣ್ಣಿಗೆ ಕಾಣದ, ಒಂದೇ ಕೋಶದ ಜೀವಿಗಳು. ನಮ್ಮ ಕೈ ಬೆಂದುಹೋಗುವ ನೀರಿನಲ್ಲಿ ಅವು ಸುಖವಾಗಿ ಸಂಸಾರ ಮಾಡುತ್ತವೆ. ಅವನ್ನು ಬೆಳೆಸಲು ಮೇಡಂ ಆರು ತಿಂಗಳು ಒದ್ದಾಡಿದ್ದರು. ಆ ಭಾನುವಾರ ಸದಾಶಿವಗಡದಲ್ಲಿ ಅವರ ತಂಗಿಯ ಮಗುವಿನ ನಾಮಕರಣ. ಹೊರಡುವಾಗ, "ನಾಯ್ಕರೇ, ಕರೆಂಟ್ ಹೋಗಿ ಬಂದ್ರೆ ಮತ್ತೆ ಎಪ್ಪತ್ತೆಂಟು ಡಿಗ್ರಿ ಒತ್ತಿ. ಬೇರೆ ಎಂತದೂ ಮುಟ್ಟಬೇಡಿ" ಎಂದು ಹೇಳಿ, ಅಂಕಿಯನ್ನು ಚೀಟಿಯಲ್ಲೂ ಬರೆದು, ಅವುಗಳನ್ನು ಬಿಸಿಯಾಗಿಡುವ ಯಂತ್ರಕ್ಕೆ ಅಂಟಿಸಿದರು.

ಹನ್ನೊಂದಕ್ಕೆ ಕರೆಂಟ್ ಹೋಗಿ ಬಂತು. ಹೆದರಿದವನ ತಲೆಯಲ್ಲಿ ಅಂಕಿ ನಿಲ್ಲುವುದಿಲ್ಲ. ಕನ್ನಡಕವೋ ಹಟ್ಟಿಕೇರಿಯ ಮನೆಯಲ್ಲಿ. ಚೀಟಿಗೆ ಮೂಗು ತಾಗಿಸಿ ಓದಿ, ಗುಂಡಿ ಒತ್ತಿ, ದೇವರಿಗೆ ಕೈಮುಗಿದು ಕೂತೆ. ಗಂಟೆ ಕಳೆದ ಮೇಲೆ ಭಾನುವಾರದ ಸಂತೆಗೆ ಬಂದಿದ್ದ ನನ್ನ ಹೆಂಡತಿ ಸುಮನಾ, ಒಂದು ಕೈಯಲ್ಲಿ ಮೀನಿನ ಚೀಲ, ಇನ್ನೊಂದರಲ್ಲಿ ನನ್ನ ಕನ್ನಡಕ ಹಿಡಿದು ಒಳಬಂದಳು. ಏರಿಸಿಕೊಂಡು ನೋಡುತ್ತೇನೆ: ಚೀಟಿಯಲ್ಲಿ ಎಪ್ಪತ್ತೆಂಟು, ಯಂತ್ರದಲ್ಲಿ ಎಂಬತ್ತೆಂಟು!

"ಸತ್ತೇಹೋದವು" ಎಂದೆ.

"ಯಾರು?"

"ಒಳಗಿದ್ದವು. ಕೋಟಿಗಟ್ಟಲೆ."

ಸುಮನಾ ಮೀನಿನ ಚೀಲವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಸದ್ದಿಲ್ಲದೆ ಡಿಗ್ರಿ ಇಳಿಸಿ ಸುಮ್ಮನಿದ್ದುಬಿಡಲೇ ಎಂದು ಕೇಳಿದೆ. "ಮುಚ್ಚಿಡೂದು ನಿಮ್ಮ ಹತ್ರ ಆಗೂದಲ್ಲ. ಮುಖ ನೋಡಿದ್ರೇ ಗೊತ್ತಾಗ್ತದೆ. ಮೊದಲು ಫೋನ್ ಮಾಡಿ" ಎಂದಳು. ಮಾಡಿದೆ. ಆ ಕಡೆ ಹೆಂಗಸರು ಜೋಗುಳ ಹಾಡುತ್ತಿದ್ದರು. ಈ ಕಡೆ ನಾನು ಸಾವಿನ ಸುದ್ದಿ ಹೇಳುತ್ತಿದ್ದೆ.

"ಎಷ್ಟು ಹೊತ್ತಾಯ್ತು?" ಎಂದರು ಮೇಡಂ.

"ಒಂದು ಗಂಟೆಗೂ ಮೇಲೆ."

"ಎಪ್ಪತ್ತೆಂಟಕ್ಕೆ ಇಳಿಸಿ. ಬರ್ತೇನೆ."

ಆ 'ಬರ್ತೇನೆ'ಯೊಳಗೆ ನನ್ನ ಕೆಲಸ, ಪಿಂಚಣಿ, ಮಾನ ಮೂರೂ ಮುಳುಗುವುದು ಕಾಣಿಸಿತು. ರೇಷ್ಮೆ ಸೀರೆಯಲ್ಲೇ ಬಂದ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತಿನ ಮೇಲೆ, "ಬದುಕಿದ ಹಾಗೇ ಕಾಣ್ತವೆ. ನಾಳೆ ಖಚಿತ ಹೇಳ್ತೇನೆ" ಎಂದರು. ಆ ರಾತ್ರಿಯ ಬಂಗಡೆ ಸಾರು ನನಗೆ ಇಳಿಯಲಿಲ್ಲ.

ಮರುದಿನ ಮೇಡಂ, ಅವು ಬದುಕಿರುವುದು ಖಚಿತವೆಂದು ಹೇಳಿ, ಆ ಕೋಶಗಳ ಪ್ರೋಟೀನುಗಳನ್ನು ಬೇರ್ಪಡಿಸಿ, ಒಂದು ದಪ್ಪ ಕಪ್ಪು ಗೆರೆಯನ್ನು ತೋರಿಸಿದರು. ಬಿಸಿ ಮಿತಿ ಮೀರಿದರೆ ಕೋಶದ ಪ್ರೋಟೀನುಗಳ ಮಡಿಕೆ ಬಿಚ್ಚಿ, ಒಂದಕ್ಕೊಂದು ಸಿಕ್ಕುಬಿದ್ದು ಕೆಡುತ್ತವಂತೆ. ಆಗ ಈ ಜೀವಿಗಳು ಥರ್ಮೋಸೋಮ್ ಎಂಬ ಕಾವಲು ಪ್ರೋಟೀನನ್ನು ಹೇರಳವಾಗಿ ಇಟ್ಟುಕೊಳ್ಳುತ್ತವೆ. ಆ ದಪ್ಪ ಗೆರೆ ಅದರದ್ದೇ. ಇಂಥ ಕಾವಲು ಪ್ರೋಟೀನುಗಳಿಗೆ ಶಾಪೆರೋನ್ ಎಂದು ಹೆಸರು. ಬೆನ್ನಿಗೆ ಬೆನ್ನು ಕೊಟ್ಟ ಎರಡು ಉಂಗುರ, ಒಂದೊಂದರಲ್ಲೂ ಎಂಟೋ ಒಂಬತ್ತೋ ತುಂಡು, ನಡುವೆ ಪೊಳ್ಳು ಕೋಣೆ. ಬಿಚ್ಚಿಹೋದ ಪ್ರೋಟೀನು ಒಳಹೊಕ್ಕರೆ, ಕೋಶದ ಇಂಧನ ಖರ್ಚಾಗಿ, ಉಂಗುರದ್ದೇ ಭಾಗವಾದ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಒಳಗೆ ಯಾರ ಕಾಟವೂ ಇಲ್ಲದೆ ಅದು ಮತ್ತೆ ಸರಿಯಾಗಿ ಮಡಚಿಕೊಳ್ಳಬಹುದು. ಮುಚ್ಚಳ ತೆರೆದಾಗ ಹೊರಬರುತ್ತದೆ. ಇಷ್ಟು ತಿಳಿದ ಮೇಲೆ ನನಗೂ ಅಂಥದೊಂದು ಕೋಣೆಯೊಳಗೆ ಅರ್ಧ ಗಂಟೆ ಕೂರಬೇಕೆನಿಸಿತು.

"ಎಂಬತ್ತೆಂಟರ ಬಿಸಿ ಕಂಡವು ತೊಂಬತ್ತೆರಡನ್ನೂ ಹೆಚ್ಚು ಹೊತ್ತು ತಡೀತವೆ. ಅದನ್ನೂ ನೋಡುವ. ಬರುವ ಭಾನುವಾರ ನೀವೇ ಒತ್ತಿ, ನಾಯ್ಕರೇ" ಎಂದು ಮೇಡಂ ನಕ್ಕರು. ಒಮ್ಮೆ ಹೆದರಿದವನು ಮುಂದಿನ ಸಲ ಗಟ್ಟಿಯಾಗುತ್ತಾನೆಂದು ಅವರು ನನ್ನ ವಿಷಯದಲ್ಲೂ ನಂಬಿದ್ದರು, ಪಾಪ.

ಭಾನುವಾರ ಬೆಳಿಗ್ಗೆ ಕಂಬಳಿ ಹೊದ್ದು, "ಜ್ವರ" ಎಂದು ನರಳಿದೆ. ಸುಮನಾ ಥರ್ಮಾಮೀಟರ್ ತಂದು ನಾಲಿಗೆಯಡಿ ಇಟ್ಟು, ತೆಗೆದು ಓದಿದಳು: "ತೊಂಬತ್ತೆಂಟು."

"ಅಯ್ಯೋ, ಅಷ್ಟೊಂದಾ!" ಎಂದು ಕಂಬಳಿ ಒದ್ದು ಎದ್ದು ಕೂತೆ.

"ಅದು ಫ್ಯಾರನ್‌ಹೀಟ್. ಜ್ವರ ಇಲ್ಲದವರಿಗೆ ಅಷ್ಟೇ ಇರೂದು" ಎಂದಳು. "ಹೇಗೂ ಎದ್ದಿದ್ದೀರಲ್ಲ, ಬಸ್ಸಿಗೆ ಹೊರಡಿ."