ರೊಟ್ಟಿಯ ಬುಟ್ಟಿ ಮತ್ತು ಹಸಿರು ಪಟ್ಟಿ

ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮುಂದಿನ ರಸ್ತೆ. ಹಾಜರಿದ್ದವರು ನಾನು ಮತ್ತು ರೊಟ್ಟಿ ಮಾಡಿ ಮಾರುವ ನೀಲವ್ವ. ಇಷ್ಟನ್ನು ಮೊದಲೇ ಬರೆದುಬಿಡುವುದು ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನ ಚಟ. ಮುಂದಿನದನ್ನು ಬರೆಯಲು ಮಾತ್ರ ನಾಚಿಕೆಯಾಗುತ್ತಿದೆ.

ಬೇರೆಯವರು ನಿಯಮ ಮುರಿಯುವುದನ್ನು ಕಂಡರೆ ನನಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಹೋದ ವರ್ಷ ನಮ್ಮ ರಸ್ತೆಯ ಅಂಚಿಗೆ ಹಸಿರು ಬಣ್ಣ ಬಳಿದು, ಸೈಕಲ್ಲಿನ ಚಿತ್ರ ಬರೆದು ಹೋದರು. ಅಂದಿನಿಂದ ಸೈಕಲ್ಲಿನವರನ್ನೆಲ್ಲ ಆ ಪಟ್ಟಿಯೊಳಗೆ ಅಟ್ಟುವ ಕೆಲಸವನ್ನು, ಯಾರೂ ಹೇಳದೆಯೇ, ನಾನು ವಹಿಸಿಕೊಂಡಿದ್ದೇನೆ. "ರಿಟೈರ್ ಆದ್ರೂ ಹಾಜರಿ ತಗೊಳ್ಳೋದು ಬಿಡಲಿಲ್ಲಲ್ರಿ" ಎಂದು ಹೆಂಡತಿ ಅನ್ನುತ್ತಲೇ ಇರುತ್ತಾಳೆ.

ನೀಲವ್ವ ಅಂದು ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ರಸ್ತೆಯ ಮೇಲೆ ಬರುತ್ತಿದ್ದಳು. ನಾನು ಕೈ ಅಡ್ಡ ಹಿಡಿದೆ.

"ಏನವಾ, ಅಲ್ಲಿ ಸೈಕಲ್ಲಿನ ಚಿತ್ರ ಕಾಣಂಗಿಲ್ಲೇನು?"

"ಕಾಣತೈತ್ರಿ ಸರ. ಆದ್ರ ಆ ಚಿತ್ರದ ಸೈಕಲ್ಲಿಗೆ ರೊಟ್ಟಿ ಬುಟ್ಟಿ ಇಲ್ಲ ನೋಡ್ರಿ. ಕುಬಸದ ಮನಿಗೆ ಕಡಕ್ ರೊಟ್ಟಿ ಒಯ್ಯಾಕತ್ತೇನಿ. ದೊಡ್ಡ ಮನಿ, ಇದ ಮೊದಲನೇ ಆರ್ಡರು. ಒಂದೂ ಮುರಿಬಾರದು ಅಂದಾರ."

"ನಿಯಮ ನಿಯಮನ."

ಅವಳು ನನ್ನ ಬಿಳಿಗೂದಲಿಗೆ ಮರ್ಯಾದೆ ಕೊಟ್ಟು ಪಟ್ಟಿಗೆ ಇಳಿದಳು. ಎರಡು ಮಾರು ಹೋಗುವಷ್ಟರಲ್ಲಿ ಸೈಕಲ್ಲು ನೆಗೆಯಿತು, ಬುಟ್ಟಿಯೊಳಗೆ ಪಟಪಟ ಸದ್ದಾಯಿತು. ಕಾರು ಹತ್ತಿಸಲೆಂದು ಪ್ರತಿ ಮನೆಯವರೂ ಗೇಟಿನ ಮುಂದೆ ಪಟ್ಟಿಗೆ ಅಡ್ಡವಾಗಿ ಸಿಮೆಂಟಿನ ದಿಬ್ಬ ಹಾಕಿಸಿದ್ದಾರೆ. ರೊಟ್ಟಿ ಮುರಿದದ್ದು ನನ್ನ ಮನೆಯ ದಿಬ್ಬದ ಮೇಲೆ. ನನಗೆ ಕಾರಿಲ್ಲ. ಅಳಿಯ ವರ್ಷಕ್ಕೊಮ್ಮೆ ತರುತ್ತಾನೆ.

ನೀಲವ್ವ ಬಟ್ಟೆ ಸರಿಸಿ ನೋಡಿದಳು. ಬೈಯಲಿಲ್ಲ. "ನೀವ ಬಂದು ಹೇಳ್ರಿ, ನನ್ನ ಮಾತು ಅವ್ರು ನಂಬೂದಿಲ್ಲ" ಎಂದಳು.

ಹೋದೆ. ಬುಟ್ಟಿಯನ್ನು ನಾನೇ ಎತ್ತಿಕೊಂಡು, ಕುಬಸಕ್ಕೆಂದು ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಕುಳಿತ ಬಸುರಿ ಹುಡುಗಿಯ ಮುಂದೆ, ಇಪ್ಪತ್ತು ಹೆಂಗಸರ ನಡುವೆ ನಿಂತು ತಪ್ಪೊಪ್ಪಿಕೊಂಡೆ. ಮನೆಯ ಯಜಮಾನಿ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೋಡಿದರು. "ರೊಟ್ಟಿ ಚಲೋ ಅದಾವ. ನೀಲವ್ವ, ತೊಟ್ಟಲಕ್ಕೂ ನೀನ ತಾ. ಸರ, ಈ ಚೂರು ನೀವ ಬಡಸ್ರಿ. ಯಾರು ಕೇಳಿದ್ರೂ ನೀವ ಉತ್ತರ ಕೊಡ್ರಿ." ಬಡಿಸಿದೆ. ಎಲ್ಲರೂ ಕೇಳಿದರು.

ಮನೆಗೆ ಬಂದು, ಉಳಿ ಸುತ್ತಿಗೆ ಹಿಡಿದು ದಿಬ್ಬ ಒಡೆಯಲು ಕುಳಿತೆ. ಮುಗಿದಾಗ ಸಂಜೆ ಆರು. ನೀಲವ್ವ ಖಾಲಿ ಬುಟ್ಟಿಯೊಂದಿಗೆ ಮರಳಿ ಬಂದಳು, ರಸ್ತೆಯ ಮೇಲೆಯೇ.

"ಈಗ ಸಪಾಟಾತಲ್ಲವಾ?" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಪೆಡಲ್ ನಿಲ್ಲಿಸಲಿಲ್ಲ. "ನಿಮ್ಮ ಮನಿ ಮುಂದ ಆತ್ರಿ ಸರ. ಇನ್ನೂ ಹದಿನೇಳು ಮನಿ ಅದಾವ."

ಅವಳು ಮರೆಯಾದ ಮೇಲೆ, ನಾಚಿಕೆಯಿಲ್ಲದೆ, ರಸ್ತೆಯ ಕೊನೆಯವರೆಗೂ ನಡೆದು ಎಣಿಸಿ ಬಂದೆ. ಹದಿನೇಳೇ ಇದ್ದವು.